“ಎಷ್ಟಾಯಿತು?” ಎಂದು ಕೇಳುವ ಮೊದಲೇ ಹೇಳಿಬಿಡುವುದು

ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನ ಅಡಿಕೆ ತೋಟಗಳಿಗೆ ಮದ್ದು ಬಿಡುವುದು ನನ್ನ ಉದ್ಯೋಗ. ಕಾರ್ಬನ್ ಫೈಬರ್ ದೋಟಿ (ಗೊನೆಯೆತ್ತರಕ್ಕೆ ಮುಟ್ಟುವ ಉದ್ದದ ಕೋಲು), ಪೆಟ್ರೋಲ್ ಸ್ಪ್ರೇಯರ್, ಉದ್ದದ ಹೋಸ್ ಎಲ್ಲವೂ ನನ್ನದೇ, ಬ್ಯಾಂಕಿನ ಸಾಲ ಸಹಿತ. ನೆಲದಲ್ಲಿ ನಿಂತೇ ಗೊನೆಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹಾಯಿಸುವ ವಿದ್ಯೆ ಬೇಗ ಕೈಹಿಡಿಯಿತು. ಕೆಲಸ ಮುಗಿದ ಮೇಲೆ ಸಂಬಳ ಕೇಳುವ ವಿದ್ಯೆ ಮಾತ್ರ ಬಹಳ ಕಾಲ ಹತ್ತಿರ ಸುಳಿಯಲಿಲ್ಲ.

ನಾನು ಮುಯ್ಯಾಳು ಕಂಡ ಮನೆಯವನು. ಭತ್ತದ ನೇಜಿ ನೆಡುವುದಿರಲಿ, ಮಾಡಿಗೆ ಹುಲ್ಲು ಹೊದೆಸುವುದಿರಲಿ, ನೆರೆಯವರು ಬಂದು ದುಡಿಯುತ್ತಿದ್ದರು. ನಾವು ಅವರಲ್ಲಿಗೆ ಹೋಗಿ ತೀರಿಸುತ್ತಿದ್ದೆವು. ಗದ್ದೆಗಳು ತೋಟಗಳಾದರೂ ಆ ಲೆಕ್ಕ ಮನಸ್ಸಿನಿಂದ ಅಳಿದಿಲ್ಲ. ಅದರ ಮೇಲೆ, ಬೆಳಗಿನ ಅವಲಕ್ಕಿ, ಮಧ್ಯಾಹ್ನದ ಊಟ, ಸಂಜೆಯ ಕಾಫಿ ಎಲ್ಲವನ್ನೂ ಅವರದೇ ಜಗಲಿಯಲ್ಲಿ ಮುಗಿಸಿ ದುಡ್ಡಿನ ಮಾತೆತ್ತುವುದು ಹೇಗೆ? “ನಿಮಗೆ ತೋಚಿದ್ದು ಕೊಡಿ ಮಾವ” ಎಂದು ಅಂಗಳ ನೋಡುತ್ತ ನಿಲ್ಲುತ್ತಿದ್ದೆ. ಮಾವನಿಗೂ ಪೇಚಾಟ, ಹೆಚ್ಚು ಕೊಟ್ಟರೆ ಬೆಪ್ಪ, ಕಡಿಮೆ ಕೊಟ್ಟರೆ ಜುಗ್ಗ. ಕೆಲವರು “ಅಡಿಕೆ ಕೊಟ್ಟ ಮೇಲೆ ಸೇರಿಸಿ ಕೊಡುತ್ತೇನೆ” ಎನ್ನುತ್ತಿದ್ದರು. ಅಂದರೆ ಮಳೆಗಾಲದ ಆಟಿ ತಿಂಗಳಲ್ಲಿ ಮಾಡಿದ ಕೆಲಸದ ಹಣ, ಅಡಿಕೆ ಕೊಯ್ದು, ಒಣಗಿಸಿ, ಸುಲಿದು, ಮಾರಿದ ಮೇಲೆ. ಪೆಟ್ರೋಲ್ ಬಂಕಿನವರಿಗೆ ಈ ಕ್ರಮ ಗೊತ್ತಿಲ್ಲ.

ಮನಸ್ಸು ತಿರುಗಿದ್ದು ದಿನಗಳ ಲೆಕ್ಕ ಹಾಕಿದಾಗ. ಮೊದಲ ಮದ್ದು ಮುಂಗಾರಿಗೆ ಮುಂಚೆ ಬೀಳಬೇಕು, ಎರಡನೆಯದು 40–45 ದಿನಗಳ ಬಳಿಕ. ಎರಡನೆಯದಕ್ಕೆ ಸಿಗುವುದು ಜಡಿಮಳೆಯ ನಡುವೆ ಕದ್ದು ಬರುವ ಬಿಸಿಲು. ಆ ದಿನ ಎಲ್ಲರ ಫೋನೂ ಒಟ್ಟಿಗೆ ಬರುತ್ತದೆ. ದಾಕ್ಷಿಣ್ಯಕ್ಕೆ ಒಬ್ಬರಲ್ಲಿ ನಿಂತರೆ ಇನ್ನೊಬ್ಬರ ತೋಟದಲ್ಲಿ ಮಹಾಳಿ, ಅಂದರೆ ಅಡಿಕೆಯ ಕೊಳೆರೋಗ, ಹಬ್ಬುತ್ತದೆ. ವರ್ಷದ ಕಂತು ಹುಟ್ಟಬೇಕಾದದ್ದೂ ಈ ಕೆಲವೇ ದಿನಗಳಲ್ಲಿ. ಕಂತು, ಪೆಟ್ರೋಲ್, ನಾಜಲ್‌ನ ಸವೆತ, ಹೋಸ್ ಎಳೆಯುವ ಜೊತೆಗಾರನ ಕೂಲಿ, ನನ್ನ ಕೂಲಿ ಎಲ್ಲವನ್ನೂ ಕೂಡಿಸಿ, ಬಿಡುವ ಮದ್ದಿನ ಬ್ಯಾರೆಲ್‌ಗಳಿಗೆ ಹಂಚಿದೆ. ಅಪಾಯಕ್ಕೂ ಒಂದು ಪಾಲು ಇಟ್ಟೆ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದಿದ್ದರೆ ಲೈನ್ ಆಫ್ ಮಾಡಿಸದೆ ನಾನು ದೋಟಿ ಎತ್ತುವುದಿಲ್ಲ.

ಬಂದ ಮೊತ್ತವನ್ನು ಚೀಟಿಯಲ್ಲಿ ಬರೆದು ಫೋನಿನ ಪಕ್ಕದಲ್ಲಿಟ್ಟುಕೊಂಡೆ. ಕರೆ ಬಂದಾಗಲೇ ಓದಿಬಿಡುವುದು: ಬ್ಯಾರೆಲ್‌ಗೆ ಇಷ್ಟು, ಮೈಲುತುತ್ತು ಮತ್ತು ಸುಣ್ಣ ನಿಮ್ಮದು, ಹಣ ಅದೇ ದಿನ. ಆಗ ಇನ್ನೂ ಯಾರ ಮನೆಯ ಕಾಫಿಯನ್ನೂ ಕುಡಿದಿರುವುದಿಲ್ಲವಲ್ಲ, ನಾಲಿಗೆ ಹಗುರವಾಗಿರುತ್ತದೆ. “ಅಷ್ಟಾಗುತ್ತದಾ?” ಎಂದರೆ “ಹೌದು” ಎಂದಷ್ಟೇ ಹೇಳಿ ಸುಮ್ಮನಿರಬೇಕು. ಆ ಸುಮ್ಮನಿರುವಿಕೆ ದೋಟಿ ಹಿಡಿಯುವುದಕ್ಕಿಂತ ಕಷ್ಟ. ಪೆಟ್ರೋಲ್ ದರ ಏರಿದ ಕಥೆ ಶುರು ಮಾಡಿದರೆ ಚೌಕಾಸಿಗೆ ಚಾಪೆ ಹಾಸಿ ಕೂರಿಸಿದ ಹಾಗೆ.

ಮದ್ದನ್ನು ಮನೆಯವರ ಕಣ್ಣೆದುರೇ ಕೂಡಿಸುವುದರಿಂದಲೂ ಧೈರ್ಯ ಬಂತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆಯಾಗಿ ಐವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತೇನೆ. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಕತ್ತಿಯನ್ನು ಅವರ ಕೈಗೇ ಕೊಡುತ್ತೇನೆ. ಅದನ್ನು ನೋಡಿದವರು ಸಂಜೆ ನೋಟು ಎಣಿಸುವಾಗ ನನ್ನ ಮುಖ ನೋಡಿಯೇ ಎಣಿಸುತ್ತಾರೆ, ನಾನೂ ಅಂಗಳ ನೋಡುವುದಿಲ್ಲ.

ಇಷ್ಟಾದರೂ ಕೆಲವು ವರ್ಷ ಮಹಾಳಿ ಬಂದೇ ಬರುತ್ತದೆ. ಮೊದಲೆಲ್ಲ ಆ ಸುದ್ದಿ ಕೇಳಿದರೆ ತೆಗೆದುಕೊಂಡ ಹಣ ಕಿಸೆಯಲ್ಲಿ ಸುಡುತ್ತಿತ್ತು. ಈಗ ಅದನ್ನೂ ಚೀಟಿಗೆ ಸೇರಿಸಿದ್ದೇನೆ. ಬಿಟ್ಟ ಮದ್ದು ಆರುವ ಮುಂಚೆ ಮಳೆ ಹೊಯ್ದರೆ ಅಷ್ಟು ಭಾಗಕ್ಕೆ ಅರ್ಧ ಕೂಲಿಗೆ ಮತ್ತೆ ಬಿಡುತ್ತೇನೆ. ವಾರಗಟ್ಟಲೆ ಮಳೆ ಹಿಡಿದು ಆಮೇಲೆ ಕಾಯಿ ಉದುರಿದರೆ ಹಣ ಹಿಂದಿರುಗಿಸುವುದಿಲ್ಲ.

ಮುಯ್ಯಾಳನ್ನು ಪೂರ್ತಿ ಬಿಟ್ಟಿಲ್ಲ. ನನ್ನ ಅಡಿಕೆ ಕೊಯ್ಯಲು ನಿಜವಾಗಿ ಬರುವ ನೆರೆಮನೆಗಳಿಗೆ ಹಣದ ಮಾತಿಲ್ಲ. ಒಬ್ಬ ಅಜ್ಜಿಯ ಸಣ್ಣ ತೋಟಕ್ಕೂ ಇಲ್ಲ. ಅದು ನಾನೇ ನಿಶ್ಚಯಿಸಿ ಮೊದಲೇ ಹೇಳಿದ ಮಾತು. ಅವರು ಹಲಸಿನ ಹಣ್ಣು ಹೊತ್ತುಕೊಂಡು ಹಿಂದೆ ಬರುವುದನ್ನು ತಪ್ಪಿಸಲು ಮಾತ್ರ ಆಗಿಲ್ಲ.

“ಸಂಬಂಧಿಕರಿಗೂ ಅದೇ ದರವಾ?” ಎಂದು ಬಾವ ಕೇಳಿದ. “ದರವೂ ಅದೇ, ಫೋನ್ ಮಾಡಿದವರ ಸರದಿಯೂ ಅದೇ” ಎಂದೆ. ಒಂದು ವಾರ ಮುಖ ಊದಿಸಿಕೊಂಡಿದ್ದ. ಈ ಸಲ ಮೇ ತಿಂಗಳು ಹುಟ್ಟುವ ಮೊದಲೇ ಅವನ ಫೋನ್ ಬಂತು.