ಹದಿನೈದು ಸೂರ್ಯಕಾಂತಿ, ಒಂದು ಜಾಡಿ: ವ್ಯಾನ್ ಗೋ ಚಿತ್ರದ ಪ್ರತಿ ನೀವೇ ಬಿಡಿಸಿ

ಹೋಟೆಲಿನ ಲಾಬಿಯಲ್ಲೋ, ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲೋ ಈ ಚಿತ್ರವನ್ನು ನೋಡಿಯೇ ಇರುತ್ತೀರಿ. ಹಳದಿ ಗೋಡೆ, ಹಳದಿ ಮೇಜು, ಹಳದಿ ಜಾಡಿ, ಅದರೊಳಗೆ ಹದಿನೈದು ಸೂರ್ಯಕಾಂತಿ. ಅಲ್ಲಿರುವುದು ಸಾಮಾನ್ಯವಾಗಿ ಪ್ರಿಂಟ್. ಕೈಯಾಡಿಸಿದರೆ ನುಣ್ಣಗಿರುತ್ತದೆ. ಮೂಲದಲ್ಲಿ ಬಣ್ಣ ದಪ್ಪಗೆ ಉಬ್ಬಿ ನಿಂತಿದೆ. ಆ ಉಬ್ಬು ಬೇಕೆಂದರೆ ಎಣ್ಣೆ ಬಣ್ಣದಲ್ಲಿ ಕೈಯಲ್ಲೇ ಬಿಡಿಸಬೇಕು.

ನಕಲು ಮಾಡೋದು ತಪ್ಪಲ್ವಾ ಎಂದು ಅಳುಕಬೇಡಿ. ಡಚ್ ಚಿತ್ರಕಾರ ವ್ಯಾನ್ ಗೋ ತೀರಿಕೊಂಡದ್ದು 1890ರಲ್ಲಿ, ಈ ಚಿತ್ರದ ಮೇಲೆ ಈಗ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಅಷ್ಟೇ ಅಲ್ಲ, ಅವನೇ ತನ್ನ ಸೂರ್ಯಕಾಂತಿಗಳನ್ನು ನೋಡಿಕೊಂಡು ಮತ್ತೆ ಬಿಡಿಸಿದ್ದ. ಫ್ರಾನ್ಸಿನ ಆರ್ಲ್ ಊರಿನಲ್ಲಿ 1888ರ ಆಗಸ್ಟ್‌ನಲ್ಲಿ, ಚಿತ್ರಕಾರ ಗೆಳೆಯ ಗೋಗ್ಯಾನ್ ಬರುತ್ತಾನೆಂದು ಅವನ ಕೋಣೆ ಸಿಂಗರಿಸಲು ಬಿಡಿಸಿದ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರದೇ ಇನ್ನೊಂದು ಪ್ರತಿ ಆಮ್‌ಸ್ಟರ್‌ಡ್ಯಾಮ್‌ನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ನಾವು ಲಂಡನ್ನಿನದನ್ನು ತೆಗೆದುಕೊಳ್ಳೋಣ.

ಅಳತೆ

ಮೂಲ ಚಿತ್ರದ ಎತ್ತರ 92.1 ಸೆಂ.ಮೀ., ಅಗಲ 73. ಅಂಗಡಿಯಲ್ಲಿ ಸಿಗುವ 16×20 ಇಂಚಿನ ಕ್ಯಾನ್ವಾಸ್ ಹೆಚ್ಚುಕಡಿಮೆ ಇದೇ ಪ್ರಮಾಣದ್ದು. ಗ್ಯಾಲರಿಯ ವೆಬ್‌ಸೈಟ್‌ನಲ್ಲಿರುವ ಚಿತ್ರವನ್ನು ಫೋಟೊ ಸ್ಟುಡಿಯೋದಲ್ಲಿ 8×10 ಪ್ರಿಂಟ್ ಹಾಕಿಸಿ. ಪ್ರಿಂಟಿನ ಮೇಲೆ ಒಂದೊಂದು ಇಂಚಿನ ಚೌಕ, ಕ್ಯಾನ್ವಾಸ್ ಮೇಲೆ ಎರಡೆರಡು ಇಂಚಿನ ಚೌಕ ಎಳೆಯಿರಿ. ಎರಡರಲ್ಲೂ ಎಂಟು ಸಾಲು ಅಡ್ಡಕ್ಕೆ, ಹತ್ತು ಸಾಲು ಉದ್ದಕ್ಕೆ, ಒಟ್ಟು 80 ಮನೆ. ಯಾವ ಮನೆಯಲ್ಲಿ ಏನಿದೆಯೋ ಅಷ್ಟನ್ನೇ ನೋಡಿ ಬಿಡಿಸುತ್ತಾ ಹೋಗಿ. ಇಡೀ ಹೂವನ್ನು ನೋಡಲು ಹೋದರೆ ಕೈ ತನಗೆ ಗೊತ್ತಿರುವ ಹೂವನ್ನೇ ಬಿಡಿಸಿಬಿಡುತ್ತದೆ.

ಹಳದಿಗಳನ್ನು ಕಲೆಸುವುದು

ನಾನು ಮೊದಲ ಸಲ ಎಡವಿದ್ದು ಇಲ್ಲೇ. ಟ್ಯೂಬಿನಿಂದ ಬಂದ ಒಂದೇ ಹಳದಿಯನ್ನು ಎಲ್ಲ ಹೂವಿಗೂ ಬಳಿದೆ. ಮುಗಿಸಿ ದೂರ ನಿಂತು ನೋಡಿದರೆ ಹದಿನೈದು ಹಾಫ್ ಬಾಯ್ಲ್!

ಹಾಗಾಗಿ ಬ್ರಶ್ ಹಿಡಿಯುವ ಮೊದಲೇ ಪ್ಯಾಲೆಟ್ ಮೇಲೆ ಐದು ಹಳದಿ ಸಿದ್ಧ ಮಾಡಿಟ್ಟುಕೊಳ್ಳಿ. ಗೋಡೆಗೆ ಲೆಮನ್ ಯೆಲ್ಲೋ ಜೊತೆ ಧಾರಾಳವಾಗಿ ಬಿಳಿ. ಮೇಜಿಗೆ ಕ್ರೋಮ್ ಯೆಲ್ಲೋ ಮತ್ತು ಯೆಲ್ಲೋ ಆಕರ್ (ಮಣ್ಣು ಹಳದಿ). ದಳಗಳಿಗೆ ಒಂದು ತಿಳಿ, ಒಂದು ಕಡು. ಒಣಗಿದ ಹೂವಿಗೆ ಆಕರ್ ಜೊತೆ ಚೂರು ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು). ಕಡು ಮಾಡಲು ಕಪ್ಪು ಬೆರೆಸಬೇಡಿ. ಹಳದಿಗೆ ಕಪ್ಪು ಸೇರಿದರೆ ಪಾಚಿ ಹಸಿರಾಗುತ್ತದೆ. ಪ್ರತಿ ಬಣ್ಣವನ್ನೂ ಪ್ರಿಂಟಿನ ಅಂಚಿಗೆ ಒಂದು ಬೊಟ್ಟು ಇಟ್ಟು ಹೋಲಿಸಿ ನೋಡಿ.

ಪ್ರಿಂಟಿಗೆ ಪೂರ್ತಿ ಹೊಂದಲೇಬೇಕೆಂಬ ಹಟ ಬೇಡ. ವ್ಯಾನ್ ಗೋ ಬಳಸಿದ ಕ್ರೋಮ್ ಹಳದಿ ಬೆಳಕಿಗೆ ಮೆಲ್ಲಗೆ ಕಂದುಬಣ್ಣಕ್ಕೆ ತಿರುಗುವಂಥದ್ದು. ಇಂದು ಗ್ಯಾಲರಿಯಲ್ಲಿ ಕಾಣುವುದು 1888ರ ಹಳದಿಯಲ್ಲ. ನಾನಂತೂ ಒಂದು ಕೈ ಹೊಳಪು ಜಾಸ್ತಿಯೇ ಇಡುತ್ತೇನೆ. ಕ್ರೋಮ್ ಯೆಲ್ಲೋ ಎಂದರೆ ಸೀಸದ ಬಣ್ಣ, ವಿಷ. ಟ್ಯೂಬಿನ ಮೇಲೆ 'ಹ್ಯೂ' ಎಂದಿದ್ದರೆ ಅದು ಬದಲಿ ಬಣ್ಣ, ಅದನ್ನೇ ಕೊಳ್ಳಿ.

ಬಿಡಿಸುವುದು

ಮೊದಲು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಆಕರ್‌ನಿಂದ ಗೆರೆ ಎಳೆದು, ಎಲ್ಲ ಜಾಗಕ್ಕೂ ತೆಳ್ಳಗೆ ಬಣ್ಣ ಹಚ್ಚಿ. ಒಣಗಲು ಮೂರು ನಾಲ್ಕು ದಿನ ಬಿಡಿ. ಮಳೆಗಾಲವಾದರೆ ಇನ್ನೂ ಜಾಸ್ತಿ.

ಆಮೇಲೆ ಹೂಗಳು. ಚಿತ್ರವನ್ನು ಹತ್ತಿರದಿಂದ ನೋಡಿ, ಎಲ್ಲವೂ ನಮ್ಮ ಗದಗ, ಕೊಪ್ಪಳದ ಹೊಲದ ಸೂರ್ಯಕಾಂತಿಯಂತಿಲ್ಲ. ಕೆಲವಕ್ಕೆ ನಡುವೆ ಕಪ್ಪು ಬಟ್ಟಲೇ ಕಾಣುವುದಿಲ್ಲ. ಏಳು ಸುತ್ತಿನ ಮಲ್ಲಿಗೆಯ ಹಾಗೆ ಬರೀ ದಳ. ಇವಕ್ಕೆ ಚಿಕ್ಕ ಚಿಕ್ಕ ದಪ್ಪ ಗೀಟುಗಳನ್ನು ನಡುವಿನಿಂದ ಹೊರಕ್ಕೆ ಹಾಕಿ. ದಳ ಉದುರಿ ಬೀಜಕ್ಕೆ ಬಂದ ಹೂಗಳಿಗೆ ಬ್ರಶ್ಶನ್ನು ನೆಟ್ಟಗೆ ಹಿಡಿದು ಕುಕ್ಕಿ, ಮೈ ತರಿತರಿಯಾಗಬೇಕು.

ದಳ ಹಾಕುವ ಕ್ರಮ ಇಷ್ಟೇ: ಬಿರುಸು ಕೂದಲಿನ ಫ್ಲಾಟ್ ಬ್ರಶ್ಶಿನ ತುದಿಗೆ ಬಣ್ಣ ಧಾರಾಳವಾಗಿ ತೆಗೆದುಕೊಳ್ಳಿ, ಎಣ್ಣೆ ಬೆರೆಸಬೇಡಿ. ಒತ್ತಿ, ಎಳೆದು, ಎತ್ತಿಬಿಡಿ. ಎರಡೂ ಬದಿಗೆ ಬಣ್ಣ ಬದುವಿನ ಹಾಗೆ ಎದ್ದು ನಿಲ್ಲುತ್ತದೆ. ಸರಿಯಾಗಲಿಲ್ಲ ಎನ್ನಿಸಿದರೆ ಅದರ ಮೇಲೇ ಉಜ್ಜಬೇಡಿ, ಬದು ಚಪ್ಪಟೆಯಾಗುತ್ತದೆ. ಚಾಕುವಿನಿಂದ ಕೆರೆದು ತೆಗೆದು ಹೊಸದಾಗಿ ಹಾಕಿ. ನಾಲ್ಕೈದು ದಳ ಕೆಟ್ಟ ಮೇಲೆ ಕೈ ಹದಕ್ಕೆ ಬರುತ್ತದೆ.

ಗೋಡೆಯನ್ನು ಹೂವಾದ ಮೇಲೆಯೇ ಬಿಡಿಸಿ. ಚಾಪೆ ಹೆಣೆದ ಹಾಗೆ ಅಡ್ಡ ಉದ್ದ ಚಿಕ್ಕ ಗೀಟುಗಳು, ದಳದ ಅಂಚಿನವರೆಗೆ. ಜಾಡಿಯಂತೂ ನಮ್ಮಜ್ಜಿಯ ಉಪ್ಪಿನಕಾಯಿ ಭರಣಿಯೇ. ಮೇಲರ್ಧ ಕಡು, ಕೆಳಗರ್ಧ ತಿಳಿ. ಕಡು ಅರ್ಧದ ಹಿಂದೆ ತಿಳಿ ಗೋಡೆ, ತಿಳಿ ಅರ್ಧದ ಹಿಂದೆ ಕಡು ಮೇಜು. ಹಳದಿಯ ಮೇಲೆ ಹಳದಿ ಇಟ್ಟರೂ ಜಾಡಿ ಎದ್ದು ಕಾಣುವ ಗುಟ್ಟು ಇದು. ಈ ಅದಲುಬದಲು ತಪ್ಪಿದರೆ ಜಾಡಿ ಗೋಡೆಯೊಳಗೆ ಕರಗಿಹೋಗುತ್ತದೆ.

ಮುಗಿಸುವಾಗ

ದಪ್ಪ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಬಣ್ಣದಲ್ಲಿರುವ ಅಗಸೆ ಎಣ್ಣೆ ಹೀರಿದ ಬಟ್ಟೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹರಡಿ ಒಣಗಿಸಿ.

ಜಾಡಿಯ ಮೇಲೆ 'ವಿನ್ಸೆಂಟ್' ಎಂಬ ಸಹಿ ಕಾಣುತ್ತದಲ್ಲ, ಅದನ್ನು ಮಾತ್ರ ಬಿಟ್ಟುಬಿಡಿ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ಪ್ರತಿ ಮಾಡುವವರಿಗೂ ಮೂಲದ ಸಹಿ ಹಾಕಲು ಅನುಮತಿಯಿಲ್ಲ, ಮೂಲದಷ್ಟೇ ಅಳತೆಯ ಕ್ಯಾನ್ವಾಸೂ ಬಳಸುವಂತಿಲ್ಲ. ಕ್ಯಾನ್ವಾಸಿನ ಬೆನ್ನಿಗೆ 'ವ್ಯಾನ್ ಗೋ ಚಿತ್ರದ ಪ್ರತಿ' ಎಂದು ಬರೆದು, ಕೆಳಗೆ ನಿಮ್ಮ ಹೆಸರು, ತಾರೀಖು ಹಾಕಿ. ನನ್ನ ಹಾಫ್ ಬಾಯ್ಲ್ ಚಿತ್ರದ ಹಿಂದೆಯೂ ಹಾಗೇ ಬರೆದಿದೆ. ಅದು ಈಗ ಅಡುಗೆಮನೆಯಲ್ಲಿದೆ.