ರುಗರ್ 10/22: ಮೊದಲು ಯಾವ ಪಾರ್ಟ್ ಬದಲಿಸಬೇಕು?

ಅಮೆರಿಕದಲ್ಲಿ 1964ರಿಂದ ಮಾರಾಟವಾಗುತ್ತಿರುವ ರುಗರ್ 10/22 ರೈಫಲ್‌ಗೆ ಬೇರೆ ಕಂಪನಿಗಳ ಪಾರ್ಟ್ಸ್ ರಾಶಿ ರಾಶಿ ಸಿಗುತ್ತವೆ. ಹಾಗಂತ ಎಲ್ಲವನ್ನೂ ಒಟ್ಟಿಗೆ ತರಿಸಬೇಡಿ. ಒಂದು ಬದಲಿಸಿ, ರೇಂಜ್‌ನಲ್ಲಿ ಹಾರಿಸಿ ನೋಡಿ, ಆಮೇಲೆ ಮುಂದಿನದು.

ಬಿಚ್ಚುವ ಮುಂಚೆ ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ (ಗುಂಡನ್ನು ಒಳಗೆ ತಳ್ಳಲು ಹಿಂದೆ ಮುಂದೆ ಸರಿಯುವ ಭಾಗ) ಹಿಂದಕ್ಕೆಳೆದು ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ. ಇದನ್ನು ಯಾವತ್ತೂ ಬಿಡಬೇಡಿ.

ನನ್ನ ಪ್ರಕಾರ ಮೊದಲ ದುಡ್ಡು ಟ್ರಿಗರ್‌ಗೇ ಹೋಗಬೇಕು. ಫ್ಯಾಕ್ಟರಿ ಟ್ರಿಗರ್ ಸ್ವಲ್ಪ ಗಟ್ಟಿ, ಎಳೆಯುವಾಗಲೇ ಗುರಿ ಅಲುಗಾಡುತ್ತದೆ. ಸ್ಟಾಕ್‌ನ (ಭುಜಕ್ಕೆ ಒತ್ತಿ ಹಿಡಿಯುವ ಹಿಡಿ) ಸ್ಕ್ರೂ ಬಿಚ್ಚಿ, ಸೇಫ್ಟಿ ಬಟನ್ ಮಧ್ಯದಲ್ಲಿಟ್ಟು ರಿಸೀವರ್ (ಬೋಲ್ಟ್ ಇರುವ ಲೋಹದ ಕವಚ) ಎತ್ತಿ, ಎರಡು ಪಿನ್ ಹೊರಗೆ ತಳ್ಳಿದರೆ ಹಳೆಯ ಟ್ರಿಗರ್ ಸೆಟ್ ಇಡಿಯಾಗಿ ಕೈಗೆ ಬರುತ್ತದೆ, ಹೊಸದನ್ನು ಹಾಗೇ ಕೂರಿಸಬಹುದು. ಹಳೆಯದನ್ನೇ ಅರ ಹಾಕಿ ಉಜ್ಜಿ ಹಗುರ ಮಾಡುವ ಸಾಹಸ ಬೇಡ, ರೈಫಲ್ ಕೆಳಗೆ ಬಿದ್ದರೆ ತಾನಾಗಿ ಗುಂಡು ಹಾರುವ ಅಪಾಯ ಇರುತ್ತದೆ.

ಬಿಚ್ಚಿದಾಗಲೇ ಬೋಲ್ಟ್ ಹಿಂದಕ್ಕೆ ಬಂದು ಬಡಿಯುವ ಹಿಂಬದಿಯ ಉಕ್ಕಿನ ಪಿನ್ ತೆಗೆದು ಪಾಲಿಮರ್ ಬಫರ್ (ಪ್ಲಾಸ್ಟಿಕ್‌ನಂಥ ಪಿನ್) ಹಾಕಿಬಿಡಿ. ಅಗ್ಗ, ಬೋಲ್ಟ್ ಬಡಿಯುವ ಸದ್ದೂ ಕಡಿಮೆಯಾಗುತ್ತದೆ.

ಸ್ಕೋಪ್ ಹಾಕುವವರು ಕೆನ್ನೆ ಸರಿಯಾಗಿ ಕೂರುವ ಎತ್ತರದ ಸ್ಟಾಕ್ ನೋಡಿ. ಬ್ಯಾರೆಲ್ ಕೊನೆಗೆ. ಅದು 16 ಇಂಚಿಗಿಂತ ಚಿಕ್ಕದಾದರೆ ಫೆಡರಲ್ ಕಾನೂನಿನ ಪ್ರಕಾರ ಮೊದಲೇ ಬೇರೆ ನೋಂದಣಿ ಬೇಕು, ರಾಜ್ಯದ ನಿಯಮವನ್ನೂ ನೋಡಿಕೊಳ್ಳಿ.