ಹೈದರಾಬಾದಿನ ಇಂಜಿನ್ ಬೇಡವೆಂದು ಪಿಕಪ್ಪಿನದನ್ನೇ ಕಟ್ಟಿಸಿದ ಬಗೆ

ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲು ಹೇರುವ ನನ್ನ ಬೊಲೆರೊ ಪಿಕಪ್ಪಿನ ಇಂಜಿನ್ ಮುಗಿಯಿತೆಂದು ಕಲಬುರಗಿಯ ಮೂವರು ಮಿಸ್ತ್ರಿಗಳು ಒಂದೇ ಮಾತು ಹೇಳಿ ಈಗ ಎರಡೂವರೆ ವರ್ಷವಾಯಿತು. ಅದೇ ಬ್ಲಾಕು, ಅದೇ ನಂಬರಿನ ಇಂಜಿನ್ ಅಂದಿನಿಂದ ಸುಮಾರು 70 ಸಾವಿರ ಕಿಲೋಮೀಟರ್ ಓಡಿದೆ. ಒಂದು ಆಯಿಲ್ ಬದಲಾವಣೆಯಿಂದ ಇನ್ನೊಂದರವರೆಗೆ ಅರ್ಧ ಲೀಟರಿಗಿಂತ ಹೆಚ್ಚು ಮೇಲೆ ಸುರಿಯುವ ಪ್ರಸಂಗ ಬಂದಿಲ್ಲ. ಅಂದು ನನ್ನನ್ನು ಹಟಮಾರಿ ಎಂದವರಲ್ಲಿ ಇಬ್ಬರು ಈಗ ತಮ್ಮ ಗಿರಾಕಿಗಳನ್ನು ನನ್ನಲ್ಲಿಗೆ ಕಳುಹಿಸಿ ಕೇಳಿಸುತ್ತಿರುವುದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ಗಾಡಿ 2009ರದು, ಕಾಮನ್ ರೇಲ್ ಎಂಬ ಹೊಸ ಬಗೆಯ ಡೀಸೆಲ್ ವ್ಯವಸ್ಥೆ ಇಲ್ಲದ 2523 ಸಿಸಿಯ ಹಳೆಯ ಡಿಐ ಇಂಜಿನ್. ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಬ್ಯಾಕ್ ಕಂಪ್ರೆಶನ್ (ಸಿಲಿಂಡರಿನ ಗಾಳಿ ರಿಂಗು ದಾಟಿ ಕೆಳಗಿಳಿಯುವುದು), ನೀಲಿ ಹೊಗೆ, ಸಣ್ಣ ಏರಿಗೂ ಎರಡನೇ ಗೇರು. ಲಕ್ಷಣಗಳನ್ನು ಹೆಚ್ಚು ವಿವರಿಸಬೇಕಿಲ್ಲ. ಅದಕ್ಕೂ ಒಂದು ವರ್ಷ ಮೊದಲು ನಾನು ಮಾಡಿದ ತಪ್ಪನ್ನು ಮಾತ್ರ ವಿವರಿಸಲೇಬೇಕು. ಹಾಫ್ ಇಂಜಿನ್ ಕೆಲಸವೆಂದು ಪಿಸ್ಟನ್ನಿನ ರಿಂಗು, ಬೇರಿಂಗು, ಗ್ಯಾಸ್ಕೆಟ್ ಸೆಟ್ಟು ಹಾಕಿಸಿ ಹದಿನೆಂಟು ಸಾವಿರ ಕೊಟ್ಟಿದ್ದೆ. ಪಿಸ್ಟನ್ ಆಡುವ ಬೋರಿಗೆ ಅಳತೆಯ ಗೇಜು ಇಳಿಸಿ ಯಾರೂ ನೋಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಬೋರಿನ ಒಳಕೊಳವೆಯಾದ ಲೈನರಿನ ಮೇಲ್ತುದಿಯಲ್ಲಿ, ಸವೆಯದ ಕಡೆ, ಉಗುರಿಗೆ ಸಿಗುವಷ್ಟು ಅಂಚು ಹಾಗೆಯೇ ಉಳಿದಿತ್ತು. ಹೊಸ ರಿಂಗು ಅದಕ್ಕೆ ಬಡಿದು ಬಡಿದು ಮೂರನೇ ಸಿಲಿಂಡರಿನ ಟಾಪ್ ರಿಂಗ್ ತುಂಡಾಯಿತು. ಒಂಬತ್ತು ಸಾವಿರ ಕಿಲೋಮೀಟರಿನಲ್ಲಿ ಆ ಹಣವೆಲ್ಲ ನೀರಿನಲ್ಲಿ ಹೋಮವಾಯಿತು.

ಎರಡನೆಯ ಸಲ ಎಲ್ಲರೂ ಹೇಳಿದ್ದು, "ಅಣ್ಣಾರ, ಇದರಾಗ ಇನ್ನ ರೊಕ್ಕ ಹಾಕಬ್ಯಾಡ್ರಿ, ಹೈದರಾಬಾದಿಗಿ ಹೋಗಿ ಇಂಜಿನ್ ಎತ್ಕೊಂಡು ಬರ್ರಿ" ಎಂದು. ಹೋದೆ. ಬೇರೆ ಗಾಡಿಯಿಂದ ಬಿಚ್ಚಿದ ಹಳೆಯ ಇಂಜಿನ್ ಒಂದಕ್ಕೆ ಅರವತ್ತೈದು ಸಾವಿರದ ಮಾತಾಗಿ, ಐದು ಸಾವಿರ ಮುಂಗಡ ಕೊಟ್ಟ ಮೇಲೆ, ಟಾರ್ಚು ಹಿಡಿದು ನಂಬರ್ ಒತ್ತಿದ ಜಾಗವನ್ನು ನೋಡಿದರೆ ಹೊಸ ಬಣ್ಣದ ಕೆಳಗೆ ಗ್ರೈಂಡರ್ ಉಜ್ಜಿದ ಗೆರೆಗಳಿದ್ದವು. ಎಂಟು ವರ್ಷ ದಾಟಿದ ನಮ್ಮ ಸಾಮಾನು ಗಾಡಿಗಳಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಆಗಬೇಕು. ಇಂಜಿನ್ ಬದಲಿಸಿದರೆ ಹೊಸ ನಂಬರನ್ನು ಬಿಲ್ಲಿನ ಸಮೇತ ಆರ್‌ಸಿಗೆ ಏರಿಸಬೇಕು. ಅದಾಗದೆ ಅಪಘಾತವೇನಾದರೂ ನಡೆದರೆ ಇನ್ಶೂರೆನ್ಸ್ ಹಣಕ್ಕೂ ತಕರಾರು ಬರುತ್ತದೆ. ನಂಬರ್ ಅಳಿಸಿದ ಇಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ನನ್ನ ಪಾಲಿಗೆ ಅದು ಗುಜರಿ ಎಂದು ತೀರ್ಮಾನಿಸಿ, ಮುಂಗಡ ಬಿಟ್ಟು ಬರಿಗೈಯಲ್ಲಿ ಹಿಂದಿರುಗಿದೆ.

ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಹೈದರಾಬಾದಿನ ಹಳೆಯ ಇಂಜಿನ್ನಿಗೆ ಸಾಗಣೆ, ಕೂರಿಸುವ ಕೂಲಿ, ಡೀಸೆಲ್ ಪಂಪು ನಾಝಲ್ ಸರ್ವಿಸ್, ಆರ್‌ಸಿ ಕೆಲಸ ಸೇರಿದರೆ ತೊಂಬತ್ತು ಸಾವಿರದ ಹತ್ತಿರ ಬರುತ್ತಿತ್ತು, ಅದರೊಳಗೆ ಏನಿದೆಯೆಂಬುದು ದೇವರಿಗೇ ಗೊತ್ತು. ಹೊಸದಕ್ಕೆ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಹೇಳಿದ್ದರು. ಗಾಡಿಗೇ ಮೂರು ಲಕ್ಷ ಬರುವುದು ಕಷ್ಟವಿದ್ದಾಗ ಅದು ಆಗದ ಮಾತು. ಆದ್ದರಿಂದ ಬದಲಿಸಬೇಕೋ ಕಟ್ಟಿಸಬೇಕೋ ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಬಿಚ್ಚಿ ಅಳೆಯುವುದಕ್ಕಷ್ಟೇ ನಾಲ್ಕು ಸಾವಿರ ಎತ್ತಿಟ್ಟೆ. ಬ್ಲಾಕು ಸೀಳಿದ್ದರೆ, ಇಲ್ಲವೇ ಕ್ರ್ಯಾಂಕಿನ ಗೆರೆಗಳು 0.75 ಮಿಲಿಮೀಟರ್ ಅಂಡರ್‌ಸೈಜಿಗೆ, ಅಂದರೆ ಅಷ್ಟು ತೆಳ್ಳಗೆ, ಉಜ್ಜಿಸಿದರೂ ಹೋಗದಿದ್ದರೆ, ಅಲ್ಲಿಗೇ ನಿಲ್ಲಿಸಿ ಗಾಡಿಯನ್ನು ಮಾರುವುದೆಂದು ಮನೆಯಲ್ಲಿಯೂ ಹೇಳಿಬಿಟ್ಟಿದ್ದೆ.

ಬಿಚ್ಚುವ ಮೊದಲು ಕಂಪ್ರೆಶನ್ ನೋಡಿದಾಗ ಮೊದಲೆರಡು ಸಿಲಿಂಡರು 25 ಕೆಜಿಯ ಆಸುಪಾಸು, ಮೂರನೆಯದು 16, ನಾಲ್ಕನೆಯದು 19 ತೋರಿಸಿದವು. ಮೂರನೆಯದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ನೋಡಿದರೆ 23ಕ್ಕೆ ಏರಿತು. ಆಯಿಲ್ ತಡೆದದ್ದು ರಿಂಗಿನ ಕಡೆಯ ಸೋರಿಕೆಯನ್ನು, ಹಾಗಾಗಿ ವಾಲ್ವಿನ ಮೇಲಿನ ಸಂಶಯ ಹೋಯಿತು. ಕಪನೂರ ಕಡೆಯ ಲೇತ್‌ನಲ್ಲಿ ಗೇಜು ಇಳಿಸಿದಾಗ 88.9 ಮಿಲಿಮೀಟರಿನ ಬೋರು ಮೇಲ್ಭಾಗದಲ್ಲಿ 0.30ರಷ್ಟು ಸವೆದಿದ್ದು, ಕೆಳಭಾಗದಲ್ಲಿ 0.05 ಕೂಡ ಸವೆದಿರಲಿಲ್ಲ. ಕ್ರ್ಯಾಂಕು ಬ್ಲಾಕಿನಲ್ಲಿ ಕೂತು ತಿರುಗುವ ಮೇನ್ ಜರ್ನಲ್‌ಗಳು ಚೆನ್ನಾಗಿದ್ದವು, ಪಿಸ್ಟನ್ನಿನ ರಾಡು ಕೂರುವ ಮೂರನೇ ಬಿಗ್ ಎಂಡ್ ಒಂದಕ್ಕೆ ಮಾತ್ರ ಗೆರೆ ಬಿದ್ದಿತ್ತು, 0.25 ಗ್ರೈಂಡಿಂಗಿನಲ್ಲಿ ಅದು ಹೋಯಿತು. ಹೆಡ್ಡನ್ನು ಪ್ರೆಶರ್ ಟೆಸ್ಟ್ ಮಾಡಿಸಿದೆ, ಸೀಳು ಇರಲಿಲ್ಲ. ಕಟ್ಟಿಸುವುದೆಂದು ಅಂದೇ ನಿಶ್ಚಯವಾಯಿತು.

ಮೇಲೆ ಮಾತ್ರ ಅಷ್ಟು ಸವೆದದ್ದು ಧೂಳಿನ ಕೆಲಸವೆಂಬುದನ್ನು ನಾನು ಬಲ್ಲೆ, ಆದರೆ ಗಾಳಿಯ ಫಿಲ್ಟರು ಹೊಸದಿತ್ತು. ಇಂಜಿನ್ ಬಿಚ್ಚುವ ಹಿಂದಿನ ವಾರವೇ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಪೈಪಿನೊಳಗೆ ಬಿಳಿ ಗ್ರೀಸನ್ನು ತೆಳ್ಳಗೆ ಸವರಿ, ಖಣಿಗಳ ರಸ್ತೆಯಲ್ಲಿ ಇನ್ನೂರು ಕಿಲೋಮೀಟರ್ ಓಡಿಸಿ ನೋಡಿದ್ದೆ. ಗ್ರೀಸು ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ, ರಬ್ಬರ್ ಹೋಸು ಎರಡು ಬೆರಳಿನಷ್ಟು ಸೀಳಿತ್ತು. ಮುನ್ನೂರೈವತ್ತು ರೂಪಾಯಿಯ ಆ ಹೋಸನ್ನು ಬದಲಿಸದೆ ಹೈದರಾಬಾದಿನಿಂದ ಎಂಥ ಇಂಜಿನ್ ತಂದು ಕೂರಿಸಿದ್ದರೂ ಅದು ಇದೇ ಗತಿಗೆ ಬರುತ್ತಿತ್ತು, ಇದನ್ನು ಮೂವರಲ್ಲಿ ಒಬ್ಬರಾದರೂ ಹೇಳಲಿಲ್ಲವೆಂಬ ಬೇಸರ ನನಗಿದೆ.

ಇನ್ನೊಂದು ಕಾರಣ ನೀರು. ಸುಣ್ಣದ ಕಲ್ಲಿನ ನೆಲದ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಹಾಕಿದ್ದರಿಂದ ಬ್ಲಾಕಿನ ನೀರಿನ ಕಾಲುವೆಗಳಲ್ಲಿ, ಪಂಪಿನಿಂದ ದೂರವಿರುವ ನಾಲ್ಕನೇ ಸಿಲಿಂಡರಿನ ಹಿಂದೆ, ಬೆರಳ ದಪ್ಪ ಬಿಳಿ ಗಾರೆ ಕಟ್ಟಿತ್ತು. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಗಾಡಿ ಕುದಿಯುತ್ತಿದ್ದುದು ಯಾಕೆಂಬುದು ಅಂದು ತಿಳಿಯಿತು. ಅದನ್ನು ತೆಗೆಯಲು ಗುಜರಿಗೆ ಹಾಕಿದ್ದ ಹಳೆಯ ಟ್ರ್ಯಾಕ್ಟರ್ ಹೆಡ್ ಒಂದರ ಮೇಲೆ ಪ್ರಯೋಗ ಮಾಡಿದೆ: ಒಂದು ಬದಿಗೆ ಹುಣಸೆ ನೀರು, ಇನ್ನೊಂದು ಬದಿಗೆ ಇಪ್ಪತ್ತು ಲೀಟರಿಗೆ ಒಂದು ಕೆಜಿ ಸಿಟ್ರಿಕ್ ಆಸಿಡ್ ಪುಡಿ. ಹುಣಸೆ ನೀರಿನ ಬದಿ ಬಿಳಿ ಕೆಸರು ಕಟ್ಟಿಕೊಂಡು ನಿಂತಿತು. ಸಿಟ್ರಿಕ್ ನೊರೆಯೆಬ್ಬಿಸಿ, ಎರಡು ಸಲ ನೀರು ಬದಲಿಸಿದ ಮೇಲೆ, ಬೆಳಗಾಗುವಷ್ಟರಲ್ಲಿ ಬೀಡು ಕಾಣುವಂತೆ ಮಾಡಿತು. ಬ್ಲಾಕಿಗೂ ಹಾಗೆಯೇ ಮಾಡಿ, ಆಸಿಡ್ ಉಳಿಯದಂತೆ ಸೋಡಾ ಪುಡಿ ಕರಗಿಸಿದ ನೀರಿನಿಂದ ತೊಳೆದೆ. ಅಲ್ಯೂಮಿನಿಯಂ ಭಾಗಗಳಿಗೆ ಇದನ್ನು ಮುಟ್ಟಿಸಬೇಡಿ. ಅಂದಿನಿಂದ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್) ಬೆರೆಸಿದ ಕೂಲಂಟ್ ಬಿಟ್ಟು ಬೇರೇನನ್ನೂ ಹಾಕಿಲ್ಲ.

ನಾಲ್ಕೂ ಲೈನರ್ ಹೊಸದಾಗಿ ಒತ್ತಿಸಿ, ಬೋರ್ ಮಾಡಿಸಿ, ಹೋನ್ ಮಾಡಿಸಿದೆ, ಅಂದರೆ ಒಳಮೈಯನ್ನು ಕಲ್ಲಿನಿಂದ ಉಜ್ಜಿಸಿದೆ. ಪ್ರತಿ ಪಿಸ್ಟನ್ನನ್ನು ಅದರದೇ ಬೋರಿಗೆ ಅಳೆದು ನಂಬರ್ ಬರೆಸಿದೆ. ಸೆಟ್ಟಿನಲ್ಲಿ ಬಂದದ್ದನ್ನು ಬಂದಂತೆ ತುಂಬಲು ಬಿಡಲಿಲ್ಲ. ಬೋರಿನಲ್ಲಿಟ್ಟು ಫೀಲರ್ ಹಾಕಿದಾಗ ಟಾಪ್ ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, 0.20 ಮಾತ್ರ ಇತ್ತು. ನಮ್ಮ ಬಿಸಿಲಿಗೆ ಅದು ಸಾಲದೆಂದು ಅರದಿಂದ ತಿದ್ದಿ 0.35 ದಾಟಿಸಿದೆ. ಹೋನಿಂಗಿಗೆ ಯಾವ ಕಲ್ಲು, ಕೊನೆಯ ಕೈ ಯಾವುದು, ಮೊದಲ ಸಲ ಸ್ಟಾರ್ಟ್ ಮಾಡಿದ ಅರ್ಧ ಗಂಟೆ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವು ನನಗೂ ಲೇತಿನವರಿಗೂ ಇರಲಿ. ಐನೂರು ಕಿಲೋಮೀಟರಿಗೆ ಆಯಿಲ್ ಬದಲಿಸಿ, ಸಾವಿರದವರೆಗೆ ಅರ್ಧ ಲೋಡು ಹೇರಿದೆ.

ಒಟ್ಟು ಎಂಬತ್ತಾರು ಸಾವಿರದ ಹತ್ತಿರವಾಯಿತು: ಲೈನರ್ ಪಿಸ್ಟನ್ನಿಗೆ ಮೂವತ್ತರ ಸುಮಾರು, ಲೇತಿಗೆ ಹದಿನಾರು, ಹೆಡ್ಡಿಗೂ ಪಂಪು ನಾಝಲ್‌ಗೂ ಹದಿನೆಂಟು, ಉಳಿದದ್ದು ಬೇರಿಂಗು, ಆಯಿಲ್ ಪಂಪು, ಕೂಲಿ. ಇಪ್ಪತ್ತಾರು ದಿನ ಗಾಡಿ ನಿಂತ ನಷ್ಟ ಬೇರೆ. ಅದರಲ್ಲಿ ಹತ್ತು ದಿನ ಸೊಲ್ಲಾಪುರದಿಂದ ಬಿಗ್ ಎಂಡ್ ಬೇರಿಂಗಿಗೆ ಕಾದದ್ದು. ಮರುವರ್ಷದ ಫಿಟ್‌ನೆಸ್‌ನಲ್ಲಿ ಇಂಜಿನ್ ನಂಬರ್ ಆರ್‌ಸಿಗೆ ಸರಿಹೊಂದಿತು, ಹೊಗೆಯೂ ಮಿತಿಯೊಳಗಿತ್ತು.

ನನ್ನ ಎರಡನೇ ಪಿಕಪ್ಪು ಈಗ ಆಯಿಲ್ ತಿನ್ನಲು ತೊಡಗಿದೆ. ಕಳೆದ ವಾರ ಅದರ ಪೈಪಿಗೂ ಬಿಳಿ ಗ್ರೀಸು ಸವರಿದ್ದೇನೆ. ತೊಗರಿ ಲೋಡು ಇಳಿಸಿ ಬಂದ ಮೇಲೆ ಬಿಚ್ಚಿ ನೋಡುವುದಿದೆ.